ವೀಟನ್ ಕಾಲೇಜು: ವಿಭಾಗಗಳು ಮತ್ತು ಅಧ್ಯಾಪಕರು

ಅಮೆರಿಕದ ಷಿಕಾಗೊ ನಗರದ ಪಶ್ಚಿಮಕ್ಕಿರುವ ಈ ಕ್ರೈಸ್ತ ಕಾಲೇಜು 1860ರಲ್ಲಿ ಶುರುವಾಯಿತು. ಗುಲಾಮಗಿರಿಯ ಕಡುವಿರೋಧಿ ಜೊನಾಥನ್ ಬ್ಲಾಂಚರ್ಡ್ ಮೊದಲ ಅಧ್ಯಕ್ಷ. ಬೈಬಲ್ ಅಧ್ಯಯನದ ಪಕ್ಕದಲ್ಲೇ ಜೀವಶಾಸ್ತ್ರ, ಸಂಗೀತ, ಮಾನವಶಾಸ್ತ್ರಗಳೂ ಇವೆ. ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ 1943ರಲ್ಲಿ ಪದವಿ ಪಡೆದದ್ದು ಮಾನವಶಾಸ್ತ್ರದಲ್ಲಿ!

ಅಧ್ಯಾಪಕರು ವರ್ಷಕ್ಕೊಮ್ಮೆ ಕಾಲೇಜಿನ ವಿಶ್ವಾಸಪ್ರಮಾಣಕ್ಕೆ ಬದ್ಧತೆ ಸೂಚಿಸಬೇಕು.

ಹಾಗೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡವರಲ್ಲ. ಇತಿಹಾಸ ವಿಭಾಗದಲ್ಲಿದ್ದ ಮಾರ್ಕ್ ನೋಲ್ 1994ರ ತಮ್ಮ ಪುಸ್ತಕದಲ್ಲಿ ಇವಾಂಜೆಲಿಕಲ್ ಸಮುದಾಯದ ಬೌದ್ಧಿಕ ಬಡತನವನ್ನೇ ತರಾಟೆಗೆ ತೆಗೆದುಕೊಂಡರು. ತತ್ತ್ವಶಾಸ್ತ್ರ ವಿಭಾಗವನ್ನು ಗಟ್ಟಿಯಾಗಿ ಬೆಳೆಸಿದವರು ಆರ್ಥರ್ ಹೋಮ್ಸ್. ಇಂಗ್ಲಿಷ್ ಪ್ರಾಧ್ಯಾಪಕ ಕ್ಲೈಡ್ ಕಿಲ್ಬಿ 1965ರಲ್ಲಿ ಆರಂಭಿಸಿದ ಸಂಗ್ರಹವೇ ಇಂದಿನ ವೇಡ್ ಸೆಂಟರ್. ಸಿ. ಎಸ್. ಲೂಯಿಸ್, ಟೋಲ್ಕಿನ್ ಮೊದಲಾದ ಏಳು ಬ್ರಿಟಿಷ್ ಲೇಖಕರ ಕೃತಿ, ಪತ್ರಗಳ ಜೊತೆಗೆ ಲೂಯಿಸ್ ಮನೆತನದ ಹಳೆಯ ಮರದ ಬೀರುವೂ ಅಲ್ಲಿದೆ.