ಅಳಿಸಿ ಬರೆಯುವ ಹಾಳೆ ಮತ್ತು ನಮ್ಮ ಹಳೇ ಕಡತ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಈ ವಾರದ ಮಾತು ಶುರುವಾಗಿದ್ದು ಒಂದು ಬೋರ್ಡಿನಿಂದ.

ನಮ್ಮ ಸೊಸೈಟಿಯ ಕ್ಲಬ್‌ಹೌಸಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ತರಗತಿ ನಡೆಸ್ತೀವಿ. ಯಾವ ಕೊಠಡಿ ಸಿಗುತ್ತೆ ಅನ್ನೋದು ವಾರವಾರ ಬದಲಾಗುತ್ತೆ. ಹಾಗಾಗಿ "ಕನ್ನಡ ತರಗತಿ, ಕೊಠಡಿ, ಸಮಯ" ಅಂತ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಾಮೂಲಿ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಗೇಟಿನ ಹತ್ತಿರ ತೂಗುಹಾಕಿದೆ. ಖಾಲಿ ಜಾಗದಲ್ಲಿ ಮಾರ್ಕರ್‌ನಿಂದ ಬರೆದು ಅಳಿಸಿದರಾಯ್ತು ಅಂತ ನನ್ನ ಲೆಕ್ಕ. ಎರಡನೇ ವಾರ ಎಷ್ಟು ಉಜ್ಜಿದರೂ ಹಳೇ 2 ಹೋಗಲಿಲ್ಲ. ಅದರ ಮೇಲೇ 5 ಬರೆದೆ. ಮೂರು ಮನೆಯವರು ಎರಡನೇ ಕೊಠಡಿಗೆ ಹೋಗಿ, ಅಲ್ಲಿ ಯೋಗ ಕ್ಲಾಸ್ ನಡೀತಿರೋದು ನೋಡಿ, ಮಕ್ಕಳನ್ನ ಕರ್ಕೊಂಡು ವಾಪಸ್ ಹೋದರು. ಅವರಲ್ಲಿ ಒಬ್ಬ ಹುಡುಗ ಆಮೇಲೆ ಬರಲೇ ಇಲ್ಲ.

ತಪ್ಪು ಮಾರ್ಕರ್‌ದಲ್ಲ, ಮೇಲ್ಮೈಯದು. ಡ್ರೈ ಇರೇಸ್ ಶಾಯಿಯಲ್ಲಿ ಬಣ್ಣದ ಜೊತೆಗೆ ಅಂಟಿಕೊಳ್ಳದಂತೆ ಮಾಡುವ ಒಂದು ಪದಾರ್ಥವೂ ಇರುತ್ತೆ. ನುಣುಪಾದ, ರಂಧ್ರವಿಲ್ಲದ ಮೇಲ್ಮೈಯಲ್ಲಿ ಅದು ತೆಳ್ಳಗೆ ಪೊರೆಯಾಗಿ ಒಣಗಿ ಕೂರುತ್ತೆ, ಒರೆಸಿದರೆ ಎದ್ದು ಬರುತ್ತೆ. ಮ್ಯಾಟ್ ಮೇಲ್ಮೈಯ ಸಣ್ಣ ಸಣ್ಣ ತಗ್ಗುಗಳಲ್ಲಿ ಇಳಿದರೆ ಬರೋದಿಲ್ಲ.

ಹಾಗಾಗಿ ಹೊಸ ಪ್ರಿಂಟ್ ತೆಗೆಸಿ, ಡ್ರೈ ಇರೇಸ್ ಲ್ಯಾಮಿನೇಟ್ ತಂದು ನಾನೇ ಕೈಯಲ್ಲಿ ಅಂಟಿಸಿದೆ. ಪ್ರಿಂಟ್ ಪೂರ್ತಿ ಒಣಗಿರಬೇಕು, ಮೇಲೆ ಒಂದು ಕೂದಲೂ ಇರಬಾರದು. ಹಿಂಬದಿಯ ಕಾಗದವನ್ನ ಮೊದಲು ಎರಡು ಬೆರಳಗಲ ಮಾತ್ರ ಬಿಡಿಸಿ, ಅಂಚು ನೇರ ಮಾಡಿ ಒತ್ತಬೇಕು. ಆಮೇಲೆ ಒಂದು ಕೈಯಲ್ಲಿ ಕಾಗದ ಎಳೀತಾ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಹಳೇ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಅವಸರ ಮಾಡಿದರೆ ಗುಳ್ಳೆ ಏಳುತ್ತೆ. ಮೊದಲನೆಯದು ನಾನು ಹಾಳು ಮಾಡಿದೆ, ಎರಡನೆಯದು ಕೂತಿತು.

ಆ ಹಾಳೆಯ ಹಿಂದೆ ಮೂರು ಚರಿತ್ರೆ ಇದೆ. ಬಿಡಿಸಿ ಅಂಟಿಸುವ ಲೇಬಲ್ಲನ್ನ 1935ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಟಾಂಟನ್ ಏವರಿ ಶುರು ಮಾಡಿದರು. ಇಂಥ ಹಾಳೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಅದನ್ನ 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು. ಒಣ ಬಟ್ಟೆಯಲ್ಲೇ ಅಳಿಸಬಹುದಾದ ಮಾರ್ಕರ್ ಬಂದಿದ್ದು 1970ರ ದಶಕದಲ್ಲಿ.

ಆದರೆ ಮೇಲ್ಮೈಗೆ ಕೈಯಾರೆ ಲೇಪ ಕೊಟ್ಟು, ಅದನ್ನ ಬರೆದು ಅಳಿಸುವ ಹಾಗೆ ಮಾಡೋದು ಕನ್ನಡದವರಿಗೆ ಹೊಸದಲ್ಲ. ನಮ್ಮಲ್ಲಿ ಕಡತ ಇತ್ತು. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸಿ, ಕತ್ತರಿಸದೆ ಪುಟಪುಟವಾಗಿ ಮಡಚುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯೋದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನ ವಿವರವಾಗಿ ಬರೆದಿದ್ದಾನೆ: ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಬರೆದದ್ದನ್ನ ಹಾಗೇ ಉಳಿಸಿಕೊಳ್ಳಬಹುದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು ಅಂತಾನೆ. ಅಂಗಡಿ ಲೆಕ್ಕಕ್ಕೂ ಅದೇ, ದಾಖಲೆಗೂ ಅದೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಇವೆ.

ಈಗ ನಮ್ಮೂರ ಸರ್ಕಾರಿ ಕಚೇರಿಯಲ್ಲಿ ಕಡತ ಅಂದ್ರೆ ಫೈಲು. ಅಳಿಸಿ ಬರೆಯೋ ಬಟ್ಟೆಯ ಹೆಸರು, ಅಳಿಸಲೇಬಾರದ ಕಾಗದದ ಕಟ್ಟಿಗೆ ನಿಂತಿದೆ. ಯಾಕಂದ್ರೆ ಅಳಿಸಬಹುದಾದದ್ದು ಉಳಿಯಬೇಕಾದರೆ ಯಾರೋ ಒಬ್ಬರು ಇದನ್ನ ಒರೆಸೋದು ಬೇಡ ಅಂತ ತೀರ್ಮಾನ ಮಾಡಬೇಕು. ನಾವು ಆಫೀಸಿನ ವೈಟ್‌ಬೋರ್ಡಿನ ಮೂಲೆಯಲ್ಲಿ "ಅಳಿಸಬೇಡಿ" ಅಂತ ಬರೀತೀವಲ್ಲ, ಅದೇ ತೀರ್ಮಾನ. ಸೋಮವಾರ ಬಂದು ನೋಡಿದರೆ ಬೋರ್ಡ್ ಖಾಲಿ ಇರೋದೂ ನಿಮಗೆ ಗೊತ್ತು.

ಅದಕ್ಕೇ ಒಂದು ಮಾತು ಕೇಳ್ಕೊಳ್ತೀನಿ. ರಜೆಗೆ ಊರಿಗೆ ಹೋದಾಗ ಹಳೇ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಮಡಚಿದ ಕಪ್ಪು ಬಟ್ಟೆಯ ಪುಸ್ತಕ ಸಿಕ್ಕರೆ, ಧೂಳು ಅಂತ ಒದ್ದೆ ಬಟ್ಟೆ ಹಿಡೀಬೇಡಿ. ಒಂದೇ ಒರೆಸಿಗೆ ತಾತ, ಮುತ್ತಾತಂದಿರ ಲೆಕ್ಕ, ಜಮೀನಿನ ವಿವರ ಎಲ್ಲಾ ಹೋಗಬಹುದು. ಮೊದಲು ಪ್ರತಿ ಪುಟದ ಫೋಟೋ ತೆಗೀರಿ. ಆಮೇಲೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ, ಹಸ್ತಪ್ರತಿ ನೋಡಿ ಅಭ್ಯಾಸ ಇರುವ ಜಾಗದಲ್ಲಿ ತೋರಿಸಿ.

ಆ ಹುಡುಗನ ಮನೆಗೆ ಫೋನ್ ಮಾಡಿ, ತಪ್ಪು ನನ್ನ ಬೋರ್ಡಿನದು ಅಂತ ಹೇಳಿದೆ. ಈ ಭಾನುವಾರ ಕಳಿಸ್ತೀವಿ ಅಂದಿದ್ದಾರೆ. ಕೊಠಡಿ 3, ಬೆಳಿಗ್ಗೆ 10 ಗಂಟೆ ಅಂತ ಬೋರ್ಡಲ್ಲಿ ಬರೆದಾಗಿದೆ. ಮುಂದಿನ ವಾರ ಸಿಗೋಣ.