ಹೃತ್ಕರ್ಣ ಕಂಪನದ ಕ್ಯಾಥೆಟರ್ ಅಬ್ಲೇಷನ್: ವೃದ್ಧರಲ್ಲಿ

ಹೃದಯದ ಲಯ ಕೆಡಿಸುವ ವಿದ್ಯುತ್ ಸಂಕೇತಗಳ ದಾರಿಯನ್ನು, ತೊಡೆಸಂದಿನ ಅಭಿಧಮನಿಯಿಂದ ಒಳಹೊಗಿಸಿದ ತೆಳು ಕೊಳವೆಯ ಮೂಲಕ ಸುಟ್ಟು ಅಥವಾ ಅತಿಶೀತಗೊಳಿಸಿ ಮುಚ್ಚುವ ಚಿಕಿತ್ಸೆ. ಎದೆ ತೆರೆಯಬೇಕಿಲ್ಲ. ವಯಸ್ಸಾದವರಲ್ಲಿ ಇದರ ಅಗತ್ಯ ಹೆಚ್ಚಾಗಿ ಬೀಳುವುದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣ ಕಂಪನಕ್ಕೆ. ಹೃತ್ಕರ್ಣಗಳು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಅದುರುತ್ತವೆ, ನಾಡಿ ಅಡ್ಡಾದಿಡ್ಡಿಯಾಗುತ್ತದೆ. ಎದೆ ಡವಗುಟ್ಟುವ ಬದಲು ಬರೀ ಸುಸ್ತು, ಏದುಸಿರು ಕಾಣಿಸುವುದೂ ಉಂಟು. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ಕಂಪನವನ್ನು ಕೆರಳಿಸುವ ಮಿಡಿತಗಳು ಬಹುಪಾಲು ಶ್ವಾಸಕೋಶದ ಅಭಿಧಮನಿಗಳ ಬಾಯಲ್ಲಿ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಹೈಸಗೆರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಆ ಬಾಯಿಗಳ ಸುತ್ತ ಗಾಯದ ಬೇಲಿ ಕಟ್ಟುವುದೇ ಇಂದಿನ ಮುಖ್ಯ ವಿಧಾನ. ರೇಡಿಯೋ ತರಂಗದ ಶಾಖ ಅಥವಾ ಅತಿಶೀತಲ ಬಲೂನು ಈ ಬೇಲಿ ಹಾಕುತ್ತದೆ. ಕ್ಷಣಿಕ ವಿದ್ಯುತ್ ಸ್ಪಂದಗಳನ್ನು ಬಳಸುವ ಹೊಸ ಬಗೆ ಅನ್ನನಾಳಕ್ಕೆ ತಗಲುವ ಪೆಟ್ಟನ್ನು ತಗ್ಗಿಸುತ್ತದೆ.

ಪ್ರಯೋಜನ ಎಷ್ಟು? 2204 ರೋಗಿಗಳ ಕಬಾನಾ ಅಧ್ಯಯನದ (2019) ಫಲಿತಾಂಶದಲ್ಲಿ ಸಾವು, ತೀವ್ರ ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ, ಹೃದಯಸ್ತಂಭನ ಇವುಗಳ ಒಟ್ಟು ಲೆಕ್ಕದಲ್ಲಿ ಅಬ್ಲೇಷನ್ ಔಷಧಕ್ಕಿಂತ ಸ್ಪಷ್ಟವಾಗಿ ಮೇಲೆನಿಸಲಿಲ್ಲ. ದಿನನಿತ್ಯದ ಬದುಕು ಮಾತ್ರ ಹಗುರಾಯಿತು. ಹಾಗಾಗಿ ಎಂಬತ್ತರ ಹಿರಿಯರ ವಿಷಯದಲ್ಲಿ ಕೇಳಬೇಕಾದ್ದು ಆಯುಸ್ಸು ಎಷ್ಟು ಬೆಳೆದೀತು ಎಂದಲ್ಲ, ಮೆಟ್ಟಿಲು ಹತ್ತಲು ಆದೀತೇ ಎಂದು. ತೊಡೆಸಂದಿನ ರಕ್ತಸ್ರಾವ ಸಾಮಾನ್ಯ ತೊಡಕು. ಹೃದಯದ ಸುತ್ತ ರಕ್ತ ತುಂಬುವುದು, ಪಾರ್ಶ್ವವಾಯು ಅಪರೂಪ, ಆದರೆ ಗಂಭೀರ. ಮೂತ್ರಪಿಂಡ ಸೋತವರಲ್ಲಿ, ದೇಹ ಕೃಶವಾದವರಲ್ಲಿ ಯೋಚನೆ ಹೆಚ್ಚು ಬೇಕು.

ಹೃತ್ಕರ್ಣ ಬಹಳ ಹಿಗ್ಗಿಹೋದವರಿಗೆ, ಔಷಧಕ್ಕೂ ನಾಡಿ ಬಗ್ಗದವರಿಗೆ ಹಳೆಯ ದಾರಿಯೇ ಕೆಲವೊಮ್ಮೆ ಲೇಸು. 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ ತಂಡ ವರದಿ ಮಾಡಿದ್ದು ಇದನ್ನೇ: ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ಸಂಕೇತ ದಾಟಿಸುವ ಗಂಟನ್ನು ಕ್ಯಾಥೆಟರ್ ಮೂಲಕ ನಾಶಮಾಡುವುದು. ಅಂದು ವಿದ್ಯುತ್ ಆಘಾತ, ಇಂದು ರೇಡಿಯೋ ತರಂಗ. ಪೇಸ್‌ಮೇಕರ್ ಜೊತೆಗಿರಲೇಬೇಕು, ಜೀವನಪೂರ್ತಿ. ಕಂಪನ ಒಳಗೆ ಮುಂದುವರಿದರೂ ನಾಡಿ ಒಂದೇ ಸಮನಾಗುತ್ತದೆ.

ಚಿಕಿತ್ಸೆಯ ನಂತರದ ಎರಡು-ಮೂರು ತಿಂಗಳಲ್ಲಿ ಲಯ ಮತ್ತೆ ತಪ್ಪಿದರೆ ಅದನ್ನು ಸೋಲೆಂದು ಎಣಿಸುವುದಿಲ್ಲ. ಗಾಯ ಮಾಯುವ ಕಾಲವದು. ಲಯ ಸರಿಹೋಯಿತೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ಬಿಡುವುದು ಅಪಾಯ. ವೈದ್ಯರು ಬಳಸುವ ಪಾರ್ಶ್ವವಾಯು ಅಪಾಯದ ಅಂಕಪಟ್ಟಿಯಲ್ಲಿ 75 ತುಂಬಿದವರಿಗೆ ವಯಸ್ಸೊಂದೇ 2 ಅಂಕ ಕೊಡುತ್ತದೆ, ಅಬ್ಲೇಷನ್ ಆ ಅಂಕವನ್ನು ಅಳಿಸುವುದಿಲ್ಲ.