ದಂಡಿನ ಬೀದಿಯ ಕಾಗದದ ನಕ್ಷತ್ರ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಶಿವಾಜಿನಗರದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಕೆಂಪು, ಬಿಳಿ, ಹಳದಿ, ಅಂಗೈಯಗಲದವು, ಆಳೆತ್ತರದವು. ಪೂರ್ವದೇಶದ ಜೋಯಿಸರನ್ನು ಬೆತ್ಲೆಹೇಮಿಗೆ ಕರೆದೊಯ್ದ ನಕ್ಷತ್ರದ ನೆನಪಿಗಾಗಿ ಕ್ರೈಸ್ತರು ಇದನ್ನು ಮನೆಯ ಮುಂದೆ ಕಟ್ಟುತ್ತಾರೆ.

ಈ ರೂಢಿಗೆ ಇಲ್ಲಿ ನೆಲೆ ಕೊಟ್ಟದ್ದು ದಂಡು, ಅಂದರೆ ಬ್ರಿಟಿಷರ ಸೇನಾ ಬೀಡು. ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೇನೆಯನ್ನು ಇಲ್ಲಿಗೆ ತಂದಾಗ ಅದರ ಹಿಂದೆಯೇ ತಮಿಳು ಸೀಮೆಯ ಕುಟುಂಬಗಳು, ವರ್ತಕರು, ಕುಶಲಕರ್ಮಿಗಳು ಬಂದು ನೆಲೆಸಿದರು. ಮೂರೇ ವರ್ಷಕ್ಕೆ ಸೇಂಟ್ ಮಾರ್ಕ್ಸ್ ಚರ್ಚು ಎದ್ದಿತು. ಫಾದರ್ ಕ್ಲೈನರ್ ಕಟ್ಟಿಸಿದ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠಾಪನೆಗೊಂಡಿತು. ದಂಡಿನ ರೈಲು ನಿಲ್ದಾಣದ ಆಸುಪಾಸಿನ ಬ್ಯಾಂಬೂ ಬಜಾರ್‌ಗೆ ಬಿದಿರಿನ ವ್ಯಾಪಾರವೇ ಹೆಸರಿತ್ತಿತು. ನಕ್ಷತ್ರಕ್ಕೆ ಬೇಕಾದದ್ದೂ ಬಿದಿರೇ.

ಹಳೆಯ ಪದ್ಧತಿಯ ಕೆಲಸ ಹೀಗಿದೆ. ತೆಳ್ಳಗೆ ಸೀಳಿದ ಐದು ಬಿದಿರ ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ದಾರದಿಂದ ಬಿಗಿದರೆ ಒಂದು ನಕ್ಷತ್ರ. ಅಂಥ ಎರಡನ್ನು ತುದಿಗೆ ತುದಿ ಕೂಡಿಸಿ, ಒಳಗಿನ ಐದು ಮೂಲೆಗಳಲ್ಲಿ ಗಿಡ್ಡ ಕಡ್ಡಿಗಳನ್ನು ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಅದರ ಮೇಲೆ ಮೈದಾ ಅಂಟಿನಿಂದ ಬಣ್ಣದ ಕಾಗದ. ಅಂಟು ಆರುವ ತನಕ ಕಾಯಬೇಕು. ಅವಸರಪಟ್ಟರೆ ಕಾಗದ ಹರಿಯುತ್ತದೆ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವೂ ಕಾಯುವ ಕಾಲವೇ. ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಹಬ್ಬಕ್ಕೆ ಅಣಿಗೊಳಿಸುವುದು ಈ ಕಸುಬಿನ ದೊಡ್ಡ ಗುಣ. ಒಳಗೆ ಎಣ್ಣೆಯ ದೀಪವೋ ಮೇಣದ ಬತ್ತಿಯೋ ಇದ್ದರೆ ಕಾಗದಕ್ಕೆ ಬೆಂಕಿಯ ಭಯ. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದಿತು. ಬಲ್ಬು ಮನೆಮನೆಗೆ ತಲುಪಿದಂತೆ ಆ ಭಯ ಕಳೆಯಿತು.

ಕಾಗದದ ನಕ್ಷತ್ರ ಬೇರೆಡೆಯೂ ಉಂಟು. ಜರ್ಮನಿಯಲ್ಲಿ ಅದು ಹುಟ್ಟಿದ್ದು ಶಾಲೆಯಲ್ಲಿ. ನೀಸ್ಕಿ ಊರಿನ ಮೊರೇವಿಯನ್ ಪಂಥದ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೇಖಾಗಣಿತ ಕಲಿಯುವ ಮಕ್ಕಳು ಅದನ್ನು ಮಡಚಿ ಅಂಟಿಸಿದರು. ದೂರದೇಶಗಳಲ್ಲಿ ಮಿಷನರಿಗಳಾಗಿದ್ದವರ ಮಕ್ಕಳು ಆ ಪಂಥದ ವಸತಿಶಾಲೆಗಳಲ್ಲಿ ಓದುತ್ತಿದ್ದರು. ಆಗಮನ ಕಾಲದ ಮೊದಲ ಭಾನುವಾರ ನಕ್ಷತ್ರ ಕಟ್ಟುವುದು ಅವರಲ್ಲಿ ರೂಢಿಯಾಯಿತು. ಹೆರ್ನ್‌ಹೂಟ್ ಊರಿನಲ್ಲಿ ಅದು ಮುಂದೆ ಕಾರ್ಖಾನೆಯ ಸರಕೇ ಆಯಿತು.

ಮನೆಯೊಳಗೆ ಕಾಗದಕ್ಕೆ ಇನ್ನೊಂದು ಪಾತ್ರವಿದೆ: ಗೋದಲಿ. ಸಂತ ಫ್ರಾನ್ಸಿಸ್ ಅಸ್ಸಿಸಿ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಕ್ರಿಸ್ತಜನನದ ದೃಶ್ಯವನ್ನು ಕಣ್ಮುಂದೆ ತಂದ ಮೇಲೆ ಹರಡಿದ ಪದ್ಧತಿಯಿದು. ನಮ್ಮಲ್ಲಿ ಕಂದು ಕಾಗದವನ್ನು ಮುದುಡಿ, ಬಣ್ಣ ಎರಚಿ ಬಂಡೆ ಮಾಡುತ್ತಾರೆ. ತಟ್ಟೆಯಲ್ಲಿ ರಾಗಿ ಬಿತ್ತಿ ಹಸಿರು ಹುಲ್ಲುಗಾವಲು ಬೆಳೆಸುತ್ತಾರೆ. ಕುರುಬರು, ಕುರಿಗಳು ಮೊದಲೇ ಬಂದು ನಿಲ್ಲುತ್ತವೆ. ಬಾಲಯೇಸುವನ್ನು ಮಲಗಿಸುವುದು ಡಿಸೆಂಬರ್ 24ರ ನಡುರಾತ್ರಿಗೆ. ಅಲ್ಲಿಯವರೆಗೆ ತೊಟ್ಟಿಲು ಬರಿದು. ಗೋದಲಿ ಕಟ್ಟುವ ಮಗು ಆ ಬರಿದು ಜಾಗವನ್ನು ದಿನವೂ ನೋಡುತ್ತ ಸುವಾರ್ತೆಯ ಕಥೆ ಕಲಿಯುತ್ತದೆ.

ಈಗ ಮಡಚುವ ರಟ್ಟಿನ ನಕ್ಷತ್ರ, ಪ್ಲಾಸ್ಟಿಕ್ಕಿನ ಎಲ್‌ಇಡಿ ನಕ್ಷತ್ರಗಳು ಬಿದಿರಿನದರ ಜಾಗ ಹಿಡಿದಿವೆ. ಅವು ಅಗ್ಗ, ಹಗುರ. ಕೊಂಡ ಕ್ಷಣವೇ ಸಿದ್ಧ. ಆದರೆ ಕಟ್ಟುವ ಕೆಲಸ ತಪ್ಪಿದರೆ ಅದರೊಡನೆ ಕೂಡಿ ಬರುತ್ತಿದ್ದ ಕಾಯುವಿಕೆಯೂ, ಹಿರಿಯರು ಹೇಳುತ್ತಿದ್ದ ಕಥೆಯೂ ತಪ್ಪುತ್ತವೆ. ದಂಡಿನ ಚರ್ಚುಗಳ ಧರ್ಮೋಪದೇಶ ತರಗತಿಗಳು ಪ್ರತಿವರ್ಷ ಒಂದು ಭಾನುವಾರವನ್ನು ಇದಕ್ಕೇ ಮೀಸಲಿಡಲಿ. ಕಟ್ಟಲು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕರೆದು ಮಕ್ಕಳ ಪಕ್ಕದಲ್ಲಿ ಕೂರಿಸಬೇಕು.